ರಸ್ತೆಗೆ ಬೆನ್ನು ಹಾಕಿದ ಚರ್ಚು

ನನಗೊಂದು ಚಟವಿದೆ. ಯಾವ ಕಟ್ಟಡಕ್ಕೆ ಹೋದರೂ ಒಳಗೆ ಕಾಲಿಡುವ ಮೊದಲು ಅದರ ಬೆನ್ನು ನೋಡಿಕೊಂಡು ಬರಬೇಕು. ನೋಡದೆ ಹೋದರೆ ಒಳಗೆ ಕುಳಿತಷ್ಟು ಹೊತ್ತೂ ಒಲೆಯ ಮೇಲೆ ಹಾಲಿಟ್ಟು ಬಂದವಳ ಹಾಗೆ ಚಡಪಡಿಸುತ್ತೇನೆ. ಕೊಪ್ಪಳದಲ್ಲಿ ನನ್ನ ಬ್ಯಾಂಕಿನ ಕಾವಲುಗಾರ ಮೊದಲ ಸಲ ನನ್ನನ್ನು ಹಿಂದಿನ ಗೋಡೆಯ ಹತ್ತಿರ ಕಂಡಾಗ, ಪಾಪ, ಬಹಳ ಮರ್ಯಾದೆಯಿಂದಲೇ ಕೇಳಿದ.

“ಮೇಡಮ್ಮರ, ಏನರ ಕಳಕೊಂಡೀರೇನ್ರಿ?”

“ಇಲ್ಲ.”

“ಮತ್ತ ಬಾಗಲಾ ಆ ಕಡಿ ಐತಿ ನೋಡ್ರಿ. ಇಲ್ಲಿ ಬರೇ ಜನರೇಟರ್ ಐತಿ.”

ಜನರೇಟರನ್ನು ನೋಡಲೆಂದೇ ಬಂದವಳ ಹಾಗೆ ತಲೆಯಾಡಿಸಿ ಮುಂದಿನ ಬಾಗಿಲಿಗೆ ಹೋದೆ. ಅವನು ಈಗ ಕೇಳುವುದನ್ನು ಬಿಟ್ಟಿದ್ದಾನೆ. ಓದಿದವರಲ್ಲಿ ಇಂಥವರೂ ಇರುತ್ತಾರೆಂದು ತೀರ್ಮಾನಿಸಿರಬೇಕು. ಹೀಗೆ ಸುತ್ತಿ ಸುತ್ತಿ ನನಗೆ ಒಂದಿಷ್ಟು ನಿಷ್ಪ್ರಯೋಜಕ ಜ್ಞಾನ ಲಭಿಸಿದೆ. ಕಲ್ಯಾಣಮಂಟಪಗಳ ಹಿಂದೆ ಅನ್ನದ ಹಂಡೆಗಳನ್ನು ಬೋರಲು ಹಾಕಿರುತ್ತಾರೆ. ಸರ್ಕಾರಿ ಕಚೇರಿಗಳ ಹಿಂದೆ ಕಾಲು ಮುರಿದ ಕುರ್ಚಿಗಳು ಇನ್ನೂ ಸೇವೆಯಲ್ಲಿರುವ ಕುರ್ಚಿಗಳಿಗಿಂತ ಹೆಚ್ಚಿರುತ್ತವೆ. ನಮ್ಮ ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡ, ಗುಡ್ಡದ ಮೇಲೆ ಒಂದು ನಾಯಿ. ನಾಯಿ ಇಲ್ಲದ ಹೊಟ್ಟಿನ ಗುಡ್ಡವನ್ನು ನಾನು ಇದುವರೆಗೆ ನೋಡಿಲ್ಲ.

ಈ ಚಟ ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ನಾನು ಹೆಚ್ಚು ಹೇಳಿಕೊಳ್ಳುವವಳಲ್ಲ. ಇದು ನನ್ನ ಸದ್ಗುಣವೆಂದು ಬಹಳ ವರ್ಷ ತಿಳಿದಿದ್ದೆ.

ಗಂಗಾವತಿಯಿಂದ ಸ್ಕೂಟಿಯಲ್ಲಿ ಅರ್ಧ ತಾಸು ಹೋದರೆ ಕಾಲುವೆಯ ದಂಡೆಗೆ ಒಂದು ಕ್ಯಾಂಪು ಸಿಗುತ್ತದೆ. ಕಾಲುವೆಯ ನೀರು ಬಂದಾಗ ಹೊರಗಿನಿಂದ ಬಂದ ರೈತರು ನೆಲೆಯೂರಿದ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಅಲ್ಲಿ ಹೆಚ್ಚಿನವರು ತೆಲುಗರು. ಅವರ ನಡುವೆ ಹದಿನೈದು ಇಪ್ಪತ್ತು ಮಲಯಾಳಿ ಕುಟುಂಬಗಳಿವೆ. ಕೆಲವರು ಗದ್ದೆ ಮಾಡಲು ಬಂದವರು, ಕೆಲವರು ಶಾಲೆ ಆಸ್ಪತ್ರೆಗಳ ಕೆಲಸಕ್ಕೆ ಬಂದವರು. ಅವರದೊಂದು ಚರ್ಚಿದೆ. ಆರ್ಥಡಾಕ್ಸ್ ಪಂಥದ್ದು. ಕೆಂಪು ಹಂಚಿನ ಮಾಡು, ಸುಣ್ಣದ ಗೋಡೆ, ಮೇಲೊಂದು ಸಿಮೆಂಟಿನ ಶಿಲುಬೆ. ಮೊದಲ ಸಲ ಹೋದವರು ರಸ್ತೆಯಲ್ಲಿ ನಿಂತು ಬಾಗಿಲು ಹುಡುಕುತ್ತಾರೆ. ಬಾಗಿಲು ಇಲ್ಲ. ರಸ್ತೆಗೆ ಕಾಣುವುದು ಬರೀ ಗೋಡೆ. ಬೇವಿನ ಮರದ ಕೆಳಗಿನ ಕಾಲುದಾರಿಯಲ್ಲಿ ಇಡೀ ಕಟ್ಟಡವನ್ನು ಬಳಸಿ ಹಿಂದೆ ಹೋದರೆ ಕಾಲುವೆಯ ಕಡೆ ಒಂದು ಚಂದದ ಕಮಾನು, ಅದರೊಳಗೆ ಬಾಗಿಲು. ಕಮಾನಿನ ಅಂಚಿಗೆ ಹೂವಿನ ಎಸಳಿನಂಥ ಸಣ್ಣ ಸಣ್ಣ ಬಳುಕುಗಳು. ಇಂಥ ಕಮಾನು ನೀವು ದರ್ಗಾಗಳಲ್ಲಿ ನೋಡಿರುತ್ತೀರಿ, ಮಸೀದಿಗಳಲ್ಲಿ ನೋಡಿರುತ್ತೀರಿ.

ಇನ್ನೊಂದು ಮಾತು. ಪ್ರತಿ ಬೇಸಿಗೆಯಲ್ಲಿ ರಸ್ತೆಯ ಕಡೆಯ ಆ ಬರಿ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕೊಂದು ಮೂಡುತ್ತದೆ. ನೆಲದಿಂದ ನೇರ ಮೇಲೆ ಹೋಗಿ, ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ದೂರದಿಂದ ನೋಡಿದರೆ ಗೋಡೆಯ ಮೇಲೆ ಯಾರೋ ಪೆನ್ಸಿಲಿನಿಂದ ಬಾಗಿಲು ಬರೆದ ಹಾಗೆ.

ಆ ಗೋಡೆ ಕಟ್ಟಿದವರು ನಮ್ಮ ದಾದಾ. ನನ್ನ ಅಪ್ಪನ ಅಪ್ಪ, ಗೌಂಡಿ ಮೌಲಾಸಾಬ. ದಾದಾ ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಕೆಲಸದ ಮೇಲೆ ಕನ್ನಡ. ಕಟ್ಟಡದ ಮಾತು ಬಂದರೆ ಮನೆಯಲ್ಲೂ ಕನ್ನಡವೇ. ಈ ಚರ್ಚಿನ ಕತೆಯನ್ನು ಅವರು ನಮ್ಮ ಬಳಗದ ಪ್ರತಿ ಮದುವೆಯಲ್ಲೂ ಹೇಳಿದ್ದಾರೆ, ಯಾವಾಗಲೂ ಕನ್ನಡದಲ್ಲೇ.

ಕತೆ ಇಷ್ಟು. ಕ್ಯಾಂಪಿನ ಶಾಲೆಯಲ್ಲಿ ವರ್ಗೀಸ್ ಮಾಸ್ತರು ಎಂಬವರಿದ್ದರು. ಚರ್ಚು ಕಟ್ಟಿಸುವ ಹೊಣೆ ಅವರದು. ಒಂದು ಕಾಗದದ ಮೇಲೆ ಉದ್ದನೆಯ ಪೆಟ್ಟಿಗೆ ಬರೆದು, ಒಂದು ತುದಿಗೆ ದೇವರ ಜಾಗ, ಇನ್ನೊಂದು ತುದಿಗೆ ಬಾಗಿಲು ಎಂದು ತೋರಿಸಿ, ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದರು. ಎರಡು ತಿಂಗಳು ಬರಲಿಲ್ಲ. ಕಾಗದದ ಮೇಲೆ ದಿಕ್ಕು ಬರೆದಿರಲಿಲ್ಲ.

ದಾದಾ ಅಲ್ಲಿಯವರೆಗೆ ಮನೆಗಳನ್ನು ಕಟ್ಟಿದ್ದರು, ಎರಡು ಮಸೀದಿ ಕಟ್ಟಿದ್ದರು. ಪ್ರಾರ್ಥನೆಯ ಕಟ್ಟಡವೆಂದರೆ ಹೇಗಿರಬೇಕೆಂದು ಅವರ ಕೈಗೆ ಗೊತ್ತಿತ್ತು. ಪಶ್ಚಿಮದ ಗೋಡೆಯಲ್ಲಿ ಕಮಾನಿನ ಗೂಡು, ಎದುರಿಗೆ ಪೂರ್ವಕ್ಕೆ ಬಾಗಿಲು. ನಮಾಜಿಗೆ ನಿಂತವರು ಪಶ್ಚಿಮಕ್ಕೆ ಮುಖ ಮಾಡುತ್ತಾರಲ್ಲ, ಹಾಗೆ. ರಸ್ತೆಯೂ ಪೂರ್ವಕ್ಕೇ ಇತ್ತು. ದಾರ ಹಿಡಿದರು, ಪಾಯ ತೋಡಿದರು, ಗೋಡೆ ಎಬ್ಬಿಸಿದರು. ಕಾಲುವೆಯ ಕಡೆ ಗೂಡು ಎದ್ದಿತು, ಎಸಳಿನ ಅಂಚಿನ ಸಮೇತ. ಅದು ಆ ಹೊತ್ತಿಗೆ ಅವರು ಮಾಡಿದ ಅತ್ಯುತ್ತಮ ಕಮಾನಾಗಿತ್ತಂತೆ.

“ಕೇಳಬೇಕಿತ್ತಲ್ಲ ದಾದಾ, ದೇವರ ಜಾಗ ಯಾವ ಕಡೆ ಅಂತ?” ಎಂದು ಚಿಕ್ಕವಳಿದ್ದಾಗ ನಾನು ಕೇಳುತ್ತಿದ್ದೆ.

“ಕೇಳೂದೇನೈತಿ? ನಮ್ಮಂಗ ಚಪ್ಪಲಿ ಹೊರಗ ಬಿಡತಾರ. ನಮ್ಮಂಗ ಹೆಣ್ಮಕ್ಕಳು ತಲಿಮ್ಯಾಲೆ ಸೆರಗ ಹೊಚ್ಚತಾರ. ನಮ್ಮಂಗ ನಿಂತು, ಬಗ್ಗಿ, ಪ್ರಾರ್ಥನಾ ಮಾಡತಾರ. ದಿಕ್ಕೊಂದು ಬ್ಯಾರೆ ಐತಿ ಅಂತ ನನಗೇನ ಕನಸು ಬಿದ್ದಿತ್ತೇನು?”

ಆಗ ಬಳ್ಳಾರಿಯ ಕಡೆಯಿಂದ ಒಬ್ಬ ವಯಸ್ಸಾದ ಪಾದ್ರಿಗಳು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಗೋಡೆ ಬಾಗಿಲಿನ ಎತ್ತರ ದಾಟಿದಾಗ ಬಂದರು. ಪೂರ್ವದ ಬಾಗಿಲಲ್ಲಿ ನಿಂತು ಎದುರಿನ ಗೂಡನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ನಡೆದ ಮಾತನ್ನು ದಾದಾ ಎರಡೂ ಧ್ವನಿಗಳಲ್ಲಿ ಆಡಿ ತೋರಿಸುತ್ತಾರೆ.

“ಮೌಲಾಸಾಬ, ಸೂರ್ಯ ಯಾವ ಕಡೆ ಹುಟ್ಟುತ್ತಾನೆ?”

“ಈ ಕಡಿರೀ, ರಸ್ತೆ ಕಡಿ.”

“ನಮ್ಮ ಸ್ವಾಮಿ ಮತ್ತೆ ಬರುವುದೂ ಆ ಕಡೆಯಿಂದಲೇ ಎಂದು ನಾವು ನಂಬುತ್ತೇವೆ. ಅದಕ್ಕೇ ಪೂರ್ವಕ್ಕೆ ತಿರುಗಿ ನಿಲ್ಲುತ್ತೇವೆ. ನೀನು ಅಲ್ಲಿ ಬಾಗಿಲು ಇಟ್ಟಿದ್ದೀಯಲ್ಲ?”

“ಬರೋ ದಾರೀಗೇ ಬಾಗಲಾ ಇಟ್ಟೀನಲ್ರಿ ಸ್ವಾಮೇರ, ತಪ್ಪೇನಾತು?”

ಪಾದ್ರಿಗಳು ನಕ್ಕರು. ಮದುವೆ ಮನೆಯಲ್ಲಿ ಎಲ್ಲರೂ ನಗುವುದೂ ಇಲ್ಲೇ. ಆದರೆ ದಾದಾ ಇಲ್ಲಿ ನಿಲ್ಲಿಸುತ್ತಿರಲಿಲ್ಲ. ಜನ ನಗುವುದು ಮುಗಿದ ಮೇಲೆ ಸ್ವಲ್ಪ ಸಣ್ಣ ಧ್ವನಿಯಲ್ಲಿ ಉಳಿದದ್ದನ್ನು ಹೇಳುತ್ತಿದ್ದರು. ಮರುದಿನ ಆಳುಗಳಿಗೆಲ್ಲ ರಜೆ ಕೊಟ್ಟರು. ತಪ್ಪು ಮಾಡಿದವನೇ ಒಡೆಯಬೇಕು ಎಂದು ಅವರ ಉಸ್ತಾದರು ಕಲಿಸಿದ್ದರಂತೆ. ಒಬ್ಬರೇ ಕುಳಿತು ಗೂಡಿನ ಬೆನ್ನನ್ನು ಇಟ್ಟಂಗಿ ಇಟ್ಟಂಗಿಯಾಗಿ ಬಿಚ್ಚಿದರು. ಕಮಾನನ್ನು ಹಾಗೇ ಉಳಿಸಿ ಅದನ್ನೇ ಬಾಗಿಲು ಮಾಡಿದರು. ಬಿಚ್ಚಿದ ಇಟ್ಟಂಗಿಗಳನ್ನು ತಲೆಯ ಮೇಲೆ ಹೊತ್ತು ಈ ತುದಿಗೆ ತಂದು ಪೂರ್ವದ ಬಾಗಿಲನ್ನು ಮುಚ್ಚಿದರು. ಹನ್ನೆರಡು ದಿನ. ಹಳೆಯ ಗೋಡೆಗೆ ಹೊಸ ಕಟ್ಟು ಸರಿಯಾಗಿ ಹಲ್ಲು ಕಚ್ಚಲಿಲ್ಲ. ಅದಕ್ಕೇ ಪ್ರತಿ ಬೇಸಿಗೆಗೆ ಬಿರುಕು. ಮೊದಲ ಬೇಸಿಗೆಯ ಬಿರುಕು ಕಂಡ ಮೇಲೆ ವರ್ಗೀಸ್ ಮಾಸ್ತರು ಗೌಂಡಿಗೆ ಪದ್ಧತಿಯಂತೆ ಆಯೇರಿ ಕೊಡಲು ಬಂದರೆ, ಆ ಹೊಸ ಬಟ್ಟೆ ನನಗೆ ಬೇಡ, ಗೋಡೆ ಬಿರುಕು ಬಿಡುವುದು ನಿಂತ ವರ್ಷ ಕೊಡಿ ಎಂದರಂತೆ. ಆ ವರ್ಷ ಇನ್ನೂ ಬಂದಿಲ್ಲ.

ಹಾಗಾಗಿ ಪ್ರತಿ ಬೇಸಿಗೆಯಲ್ಲಿ ದಾದಾ ಆ ಬಿರುಕು ಮುಚ್ಚಲು ಹೋಗುತ್ತಿದ್ದರು. ಜೊತೆಗೆ ನಾನು. ಸೈಕಲ್ಲಿನ ಮುಂದಿನ ದಂಡಿಗೆ ಟವೆಲ್ಲು ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಸುಣ್ಣದ ಡಬ್ಬಿ ನನ್ನ ಕೈಯಲ್ಲಿ. ವರ್ಗೀಸ್ ಮಾಸ್ತರರ ಹೆಂಡತಿ ಮರಿಯಮ್ಮ ಟೀಚರ್ ಬಾಳೆಕಾಯಿ ಚಿಪ್ಸು ತಂದು ಕೊಡುತ್ತಿದ್ದರು. ಕೊಟ್ಟಯಂ ಕಡೆಯವರು, ಆದರೆ ಐವತ್ತು ವರ್ಷದಲ್ಲಿ ನಮ್ಮ ಭಾಷೆಯನ್ನು ನಮಗಿಂತ ಗಟ್ಟಿಯಾಗಿ ಮಾತಾಡುತ್ತಾರೆ.

“ಬಂದ್ಯಾ ಮೌಲಾಸಾಬ? ನಿನ್ನ ಬಾಗಲಾ ಈ ವರ್ಷ ಜಲ್ದಿ ತೆರದೈತಿ ನೋಡಪಾ.”

“ಮುಚ್ಚತೀನ್ರೀ ಟೀಚರ. ನಾ ಇರೂಮಟಾ ಮುಚ್ಚತೀನಿ.”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಲ್ಲುತ್ತಿದ್ದೆ. ಪೂರ್ವದ ತುದಿಯಲ್ಲಿ ಮೂರು ಮೆಟ್ಟಿಲು, ಮೇಲೆ ದೊಡ್ಡ ಕೆಂಪು ಪರದೆ. ಪರದೆಯ ಹಿಂದಿನ ಪೀಠಕ್ಕೆ ಅವರು ಮದ್ಬಹಾ ಎನ್ನುತ್ತಾರೆ, ಪೂಜೆಗೆ ಕುರ್ಬಾನ. ನಮ್ಮ ಮನೆಯ ಮಾತಿನ ಹಾಗೆಯೇ ಕೇಳುತ್ತವೆಂದು ನನಗೆ ಆ ಶಬ್ದಗಳು ಇಷ್ಟ. ಪರದೆಯ ಆಚೆ, ಗೋಡೆಯ ಹೊರಗೆ, ದಾದಾ ಬಿರುಕಿಗೆ ಸುಣ್ಣ ತುಂಬುವ ಕರಕರ ಸದ್ದು ಕೇಳುತ್ತಿತ್ತು. ದೇವರ ಬೆನ್ನ ಹಿಂದೆ ಯಾರೋ ಕೆಲಸ ಮಾಡುತ್ತಿರುವ ಹಾಗೆ. ಕಟ್ಟಡಗಳ ಹಿಂದೆ ಹೋಗಿ ನೋಡುವ ಚಟ ನನಗೆ ಬಂದದ್ದು ಅಲ್ಲಿ.

ಇಷ್ಟು ಚಂದದ ಕತೆ ಇರುವವಳು ಅದನ್ನು ಹೇಳಿಕೊಳ್ಳಲು ನಾಚುವುದೇಕೆ ಎಂದು ನೀವು ಕೇಳಬಹುದು. ನಾಚಿಕೆಗೆ ದೊಡ್ಡ ಕಾರಣ ಬೇಕಿಲ್ಲ. ಹೈಸ್ಕೂಲಿನಲ್ಲಿ ಒಂದು ದಿನ ದಾದಾ ನನಗೆ ಊಟದ ಡಬ್ಬಿ ಕೊಡಲು ಕೆಲಸದ ಮೇಲಿಂದ ನೇರ ಬಂದರು. ಮೊಣಕೈತನಕ ಸಿಮೆಂಟು. ಗೆಳತಿಯೊಬ್ಬಳು “ಯಾರೇ ಅವರು?” ಎಂದಳು. “ನಮ್ಮ ಮನಿ ಕಟ್ಟಾಕತ್ತಾರಲ್ಲ, ಆ ಗೌಂಡಿ” ಎಂದೆ. ನಾವು ಮನೆ ಕಟ್ಟಿಸುತ್ತಿರಲಿಲ್ಲ. ನಮ್ಮ ಮನೆ ಕಟ್ಟಿ ಆಗಲೇ ಮೂವತ್ತು ವರ್ಷವಾಗಿತ್ತು, ಕಟ್ಟಿದವರು ಅವರೇ. ದಾದಾ ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಡಬ್ಬಿ ಕೊಟ್ಟು, “ಬರ್ತೀನ್ರಿ ಬಾಯಾರ” ಎಂದು, ಮನೆಯ ಯಜಮಾನಿಗೆ ಮುಗಿಯುವ ಹಾಗೆ ನನಗೆ ಕೈಮುಗಿದು ಹೋದರು. ಅವರು ಕೇಳಿಸಿಕೊಂಡಿರಲಿಲ್ಲ ಎಂದು ನಂಬಲು ನನಗೆ ಬಹಳ ಓದು ಬೇಕಾಯಿತು.

ಓದಿದ್ದು ಇತಿಹಾಸ. ಎಂ.ಎ.ಯಲ್ಲಿ ಕುಕನೂರಿನ ಹಳೆಯ ಗುಡಿಗಳ ಬಗ್ಗೆ ಒಂದು ಪ್ರಬಂಧ ಬರೆದೆ. ಅದರ ವಾದ ಇದು: ಶಾಸನಗಳಲ್ಲಿ ದಾನ ಕೊಟ್ಟವರ ಹೆಸರು ಸಿಗುತ್ತದೆ, ಕಲ್ಲು ಕಡಿದವರ ಹೆಸರು ಹುಡುಕಬೇಕಾಗುತ್ತದೆ; ಇದು ಇತಿಹಾಸ ಮಾಡಿದ ಅನ್ಯಾಯ. ಅನ್ಯಾಯ ಎಂಬ ಶಬ್ದವನ್ನು ಆ ಪ್ರಬಂಧದಲ್ಲಿ ಬಹಳ ಸಲ ಬಳಸಿದ್ದೇನೆ. ಒಳ್ಳೆಯ ಅಂಕಗಳು ಬಂದವು.

ಎರಡು ವರ್ಷದ ಹಿಂದೆ ಆ ಚರ್ಚಿಗೆ ಐವತ್ತು ತುಂಬುವುದಿತ್ತು. ಅಲ್ಲಿಯ ಹುಡುಗಿಯೊಬ್ಬಳು ಕೊಪ್ಪಳದಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ಓದುತ್ತಾಳೆ. ಅವಳು ನನ್ನ ಹೆಸರು ಹೇಳಿದ್ದರಿಂದ ಈಗಿನ ಪಾದ್ರಿಗಳು ನನ್ನನ್ನು ಹುಡುಕಿಕೊಂಡು ಬಂದರು. ಅವರನ್ನು ಎಲ್ಲರೂ ಅಚ್ಚನ್ ಎನ್ನುತ್ತಾರೆ. ಮೂವತ್ತೈದರ ವಯಸ್ಸು, ಕಪ್ಪು ಗಡ್ಡ, ಬಂದು ಒಂದು ವರ್ಷವಾಗಿತ್ತಷ್ಟೆ. ಪುಸ್ತಕದಿಂದ ಕಲಿತ ಕನ್ನಡ.

“ಮೇಡಂ, ರಸ್ತೆಯ ಗೋಡೆಯ ಮೇಲೆ ಗ್ರಾನೈಟ್ ಫಲಕ ಹಾಕುತ್ತೇವೆ. ನಮ್ಮ ಚರ್ಚಿನ ಚರಿತ್ರೆ, ಅದರ ಕಟ್ಟಡದ ವಿಶೇಷ, ಎಲ್ಲ ನಾಲ್ಕು ವಾಕ್ಯಗಳಲ್ಲಿ ಬೇಕು. ನೀವು ಚರ್ಚನ್ನು ನೋಡಿದ್ದೀರಾ?”

“ಹೊರಗಿನಿಂದ ನೋಡಿದ್ದೇನೆ” ಎಂದೆ.

ಸುಳ್ಳಲ್ಲ. ಹೊರಗಿನಿಂದ ನೋಡಿದ್ದೆ. ಒಳಗಿನಿಂದಲೂ ನೋಡಿದ್ದೆ, ಸೈಕಲ್ಲಿನ ದಂಡಿಯ ಮೇಲಿಂದಲೂ ನೋಡಿದ್ದೆ. ಅದನ್ನು ಅವರು ಕೇಳಲಿಲ್ಲ.

ಬರೆದೆ. ಆ ನಾಲ್ಕು ವಾಕ್ಯಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ, ಶಿಕ್ಷೆ ಎಂದು ತಿಳಿಯಿರಿ. “ಲೌಕಿಕದ ಗದ್ದಲಕ್ಕೆ ಬೆನ್ನು ತಿರುಗಿಸಿ ಪ್ರಶಾಂತ ಜಲರಾಶಿಯತ್ತ ದ್ವಾರ ತೆರೆದಿರುವ ಈ ಚರ್ಚಿನ ವಿನ್ಯಾಸವು ಸ್ಥಾಪಕರ ದೂರದೃಷ್ಟಿಯ ಫಲ. ದಖ್ಖನಿ ಶೈಲಿಯ ಇದರ ಪ್ರವೇಶ ಕಮಾನು ಸರ್ವಧರ್ಮ ಸಮನ್ವಯದ ಸಂಕೇತವಾಗಿ ಸ್ಥಳೀಯ ಕುಶಲಕರ್ಮಿಗಳಿಂದ ರೂಪುಗೊಂಡಿತು.” ಪ್ರಶಾಂತ ಜಲರಾಶಿ ಎಂದರೆ ನಮ್ಮ ಕಾಲುವೆ. ವರ್ಷದಲ್ಲಿ ಕೆಲವು ತಿಂಗಳು ಅದರಲ್ಲಿ ನೀರಿರುವುದಿಲ್ಲ, ಇದ್ದಾಗ ಎಮ್ಮೆಗಳಿರುತ್ತವೆ.

ಅಚ್ಚನ್ ಓದಿ ಬಹಳ ಸಂತೋಷಪಟ್ಟರು. ಕಲ್ಲು ಕುಷ್ಟಗಿಗೆ ಕೆತ್ತಲು ಹೋಗಿದೆ, ಸೋಮವಾರ ಶುರು ಮಾಡುತ್ತಾರೆ, ತಿದ್ದುಪಡಿ ಇದ್ದರೆ ಭಾನುವಾರದೊಳಗೆ ಹೇಳಿ ಎಂದು ಫೋನು ಮಾಡಿದರು.

ಶನಿವಾರ ಗಂಗಾವತಿಗೆ ಬಂದೆ. ದಾದಾಗೆ ಆ ಹೊತ್ತಿಗೆ ಎಂಬತ್ತು ದಾಟಿತ್ತು. ಮಂಡಿ ನೋವಿನಿಂದ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಮರಿಯಮ್ಮ ಟೀಚರ್ ಯಾರ ಕೈಯಲ್ಲೋ ಹೇಳಿ ಕಳಿಸಿದ್ದರಿಂದ ಕಲ್ಲಿನ ಸುದ್ದಿ ಅವರಿಗೆ ಗೊತ್ತಾಗಿತ್ತು. ಬರೆದವಳು ನಾನೆಂದು ಅಮ್ಮ ಹೇಳಿದ್ದಳು. ಹೊರಸಿನ ಮೇಲೆ ಎದ್ದು ಕುಳಿತು, ಟೋಪಿ ಸರಿ ಮಾಡಿಕೊಂಡು, “ಓದು ಬೇಟಾ” ಎಂದರು. ಓದಿಸಿಕೊಳ್ಳಲೆಂದು ಗಡ್ಡ ಬಾಚಿಕೊಂಡಿದ್ದರು.

ಓದಿದೆ. ಸ್ವಲ್ಪ ಬೇಗ ಬೇಗ ಓದಿದೆ.

ದಾದಾ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಇನ್ನೇನೋ ಬರುತ್ತದೆಂದು ಕಾದರು.

“ಆತೇನು?”

“ಆಯಿತು.”

“ಛಲೋ ಬರದಿ. ಭಾಳ ಛಲೋ ಕನ್ನಡ. ನನಗ ಅರ್ಧಾ ತಿಳೀಲಿಲ್ಲ, ಅಂದ್ರ ಛಲೋನ ಇರಬೇಕು.” ಆಮೇಲೆ ಗಡ್ಡ ನೀವಿಕೊಳ್ಳುತ್ತ ಕೇಳಿದರು, “ಆ ಸ್ಥಳೀಯ ಕುಶಲಕರ್ಮಿಗಳು ಅಂದ್ಯಲ್ಲ, ಯಾರವರು? ನಾ ಮೊದಲಿಂದ ಕಡೀತನಕ ಅಲ್ಲೇ ಇದ್ನಿ. ಒಬ್ಬರನೂ ನೋಡಲಿಲ್ಲಲ್ಲ.”

ಅಮ್ಮ ಒಳಗಿನಿಂದ ನಕ್ಕಳು. ದಾದಾ ನಗಲಿಲ್ಲ.

“ಬರೆಯುವಾಗ ಹಾಗೇ ಬರೆಯೋದು ದಾದಾ. ಅದು ಪದ್ಧತಿ.”

“ಹೌದೇನು?” ಎಂದರು. “ಮತ್ತ ನನ್ನ ತಪ್ಪು?”

“ಅದನ್ನು ಕಲ್ಲಿನ ಮೇಲೆ ಬರೆಸಬೇಕಾ? ಹೋಗುವವರು ಬರುವವರು ಓದಿ ನಗುತ್ತಾರೆ.”

“ನಗಲಿ. ಐವತ್ತು ವರ್ಷ ನಾನ ನಗಸೀನಿ.” ಆಮೇಲೆ ಹೇಳಿದರು, “ಉಳದದ್ದು ಯಾರರ ಕಟ್ಟಬಹುದಿತ್ತು ಬೇಟಾ. ಆ ತಪ್ಪು ನನ್ನ ಬಿಟ್ಟ ಯಾರೂ ಮಾಡತಿದ್ದಿಲ್ಲ. ಅದನ್ನ ಒಡದು ತಿದ್ದಿದವನೂ ನಾನ.”

ಅವರ ಮರ್ಯಾದೆ ಉಳಿಸಲು ಹಾಗೆ ಬರೆದೆ ಎಂದು ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ. ಆ ಸಂಜೆಯ ನಂತರ ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ಅವರ ಹೆಸರು ಬರೆದರೆ ಅಚ್ಚನ್, ಇವರು ಯಾರು ಎಂದು ಕೇಳುತ್ತಿದ್ದರು. ಆಗ ನಾನು ಮೇಡಂ ಆಗಿದ್ದವಳು ಗೌಂಡಿಯ ಮೊಮ್ಮಗಳಾಗಬೇಕಿತ್ತು. ವಿಷಯ ಇಷ್ಟೇ. ಸಂಕೋಚದ ಸ್ವಭಾವ, ಹೇಳಿಕೊಳ್ಳದ ಗುಣ ಎಂದು ಏನೇನೋ ಹೆಸರಿಟ್ಟು ನಾನು ಸಾಕಿಕೊಂಡದ್ದು ಇದನ್ನೇ.

ಭಾನುವಾರ ಮಾಳಿಗೆಯ ಮೇಲೆ ಫೋನು ಹಿಡಿದು ಕುಳಿತೆ. ‘ಒಂದು ಮುಖ್ಯವಾದ ತಿದ್ದುಪಡಿ ಇದೆ’ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಇದು: ‘ಎರಡನೇ ವಾಕ್ಯದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿದೆ, ದಯವಿಟ್ಟು ತೆಗೆಸಿ.’ ಅಚ್ಚನ್ ಕೂಡಲೇ ಉತ್ತರಿಸಿದರು: ‘ನಿಮ್ಮ ನಿಖರತೆಗೆ ಧನ್ಯವಾದಗಳು ಮೇಡಂ.’

ಕಲ್ಲು ಬಂತು. ಉತ್ಸವಕ್ಕೆ ಎರಡು ದಿನ ಮೊದಲು ಅದನ್ನು ಗೋಡೆಗೆ ಕೂಡಿಸುವುದೆಂದಾಯಿತು. ಅಚ್ಚನ್ ನನಗೂ ಬರಲು ಹೇಳಿದ್ದರಿಂದ ಹಿಂದಿನ ರಾತ್ರಿ ಗಂಗಾವತಿಗೆ ಬಂದಿದ್ದೆ. ಅದೇ ಬೆಳಿಗ್ಗೆ ಮರಿಯಮ್ಮ ಟೀಚರರ ಫೋನು ದಾದಾಗೆ ಬಂತು. “ಮೊದಲನೇ ಕಲ್ಲು ಇಟ್ಟಾಂವ ಇನ್ನೂ ಗಟ್ಟಿ ಅದಾನ, ಅವನಿಲ್ಲದ ಈ ಕಲ್ಲು ಯಾರು ಕೂಡಸ್ತಾರಪಾ? ಬಾ.” ದಾದಾ ಬಿಳಿ ಅಂಗಿ ತೊಟ್ಟು, ಗೋಡೆಯ ನೇರ ನೋಡುವ ಹಿತ್ತಾಳೆ ಗುಂಡನ್ನು ದಾರದ ಸಮೇತ ಕೈಚೀಲದಲ್ಲಿ ಹಾಕಿಕೊಂಡು ನನ್ನ ಸ್ಕೂಟಿಯ ಹತ್ತಿರ ಬಂದು ನಿಂತರು.

“ನೀನೂ ಅಲ್ಲಿಗೇ ಹೊಂಟೀಯಲ್ಲ?”

ದಾರಿಯುದ್ದಕ್ಕೂ ನನ್ನ ಭುಜ ಹಿಡಿದು ಕುಳಿತಿದ್ದರು. ಭತ್ತದ ಲಾರಿಗಳು ಎದುರಾದಾಗ ಹಿಡಿತ ಸ್ವಲ್ಪ ಬಿಗಿಯಾಗುತ್ತಿತ್ತು.

ಅಚ್ಚನ್ ಬೇವಿನ ಮರದ ಕೆಳಗೆ ನಿಂತಿದ್ದರು. “ಮೇಡಂ, ಇವರು?”

“ನಮ್ಮ ದಾದಾ” ಎಂದೆ. “ನಮ್ಮ ತಂದೆಯ ತಂದೆ.” ಎರಡನೆಯದನ್ನು ಯಾಕೆ ಸೇರಿಸಿದೆನೋ.

ಕಲ್ಲು ಮರದ ಬುಡಕ್ಕೆ ಒರಗಿತ್ತು. ಕೆಂಪು ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. ಅಲ್ಪವಿರಾಮ ತೆಗೆದಿದ್ದರು. ಇಬ್ಬರು ಗೌಂಡಿಗಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು, ಸರಿಯಾಗಿ ಆ ಬಿರುಕಿನ ಬಾಗಿಲಿನ ನಡುವೆ. ಬಿರುಕಿನ ಮೇಲೆ ಕಣ್ಣೂ ಹೋಗುವುದಿಲ್ಲ, ಗೋಡೆಯೂ ಚಂದವಾಗುತ್ತದೆ ಎಂಬುದು ಅಚ್ಚನ್‌ರ ಲೆಕ್ಕ.

ಮರಿಯಮ್ಮ ಟೀಚರ್ ಕನ್ನಡಕ ಏರಿಸಿ ಕಲ್ಲನ್ನು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಧ್ವನಿ ನಿಧಾನವಾಯಿತು.

“ದೂರದೃಷ್ಟಿ? ಯಾರದು, ನಮ್ಮ ಯಜಮಾನರದೇನು? ಅವರು ದಿಕ್ಕ ಬರಿಯೂದ ಮರತು ಊರಿಗೆ ಹೋಗಿದ್ರು! ಸ್ಥಳೀಯ ಕುಶಲಕರ್ಮಿಗಳಂತ! ಇಲ್ಲೇ ನಿಂತಾನಲ್ಲ ಕುಶಲಕರ್ಮಿ, ಬಿಳಿ ಅಂಗಿ ಹಾಕ್ಕೊಂಡು. ಯಾರು ಬರದಾರ ಇದನ್ನ?”

ಅಚ್ಚನ್ ನನ್ನನ್ನು ನೋಡಿದರು. ಟೀಚರ್ ಅಚ್ಚನ್‌ರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಇಳಿದು ಬೇರೇನೋ ಬಂತು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು. ಸುಣ್ಣದ ಡಬ್ಬಿ ಹಿಡಿದು ನಿಂತ ಹುಡುಗಿ ಅವರಿಗೆ ನೆನಪಾಗಿರಬೇಕು. ದಾದಾ ಮದುವೆಗಳಲ್ಲಿ ಹೇಳುವ ಕತೆಯನ್ನು ಅವರು ಅಲ್ಲೇ, ದಾದಾನ ಎದುರಿಗೇ, ಅಚ್ಚನ್‌ಗೆ ಹೇಳಿದರು.

“ಮೇಡಂ, ಇದು ನಿಮಗೆ ಗೊತ್ತಿತ್ತೇ?” ಅಚ್ಚನ್ ಮೆತ್ತಗೆ ಕೇಳಿದರು.

“ಗೊತ್ತಿತ್ತು.”

“ಆಕಿದು ತಪ್ಪಿಲ್ರಿ ಫಾದರ್” ಎಂದು ದಾದಾ ನಡುವೆ ಬಂದರು. “ಅಜ್ಜನ ಮ್ಯಾಲೆ ಜನಾ ನಗಬಾರದಂತ ಮುಚ್ಚ್ಯಾಳ. ಸಣ್ಣವರು ಮುಚ್ಚತಾರ.”

‘ಅಲ್ಲ, ನನ್ನ ಮೇಲೆ ಜನ ನಗಬಾರದೆಂದು ಮುಚ್ಚಿದೆ’ ಎಂದು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ.

ಅಚ್ಚನ್ ಒಳ್ಳೆಯ ಮನುಷ್ಯರು. “ಇದನ್ನು ಹಾಕುವುದು ಬೇಡ. ಮತ್ತೊಂದು ಕಲ್ಲು ಬರೆಸೋಣ. ಉತ್ಸವ ಕಲ್ಲಿಲ್ಲದೆಯೂ ನಡೆಯುತ್ತದೆ” ಎಂದರು.

“ಬ್ಯಾಡ್ರಿ” ಎಂದರು ದಾದಾ. ಗೋಡೆಯ ಹತ್ತಿರ ಹೋಗಿ ಬಿರುಕಿನ ಮೇಲೆ ಅಂಗೈ ಇಟ್ಟರು. “ಬಾಗಲಾ ಮಾತ್ರ ಮುಚ್ಚಬ್ಯಾಡ್ರಿ. ಇದು ಹಿಂಗ ಕಾಣ್ಲಿ. ಈ ಕಲ್ಲು ಇದರ ಬಾಜೂಕ ಕೂಡಸ್ರಿ.” ತಿರುಗಿ ನನ್ನನ್ನು ನೋಡಿದರು. ಕಣ್ಣಲ್ಲಿ ಮದುವೆ ಮನೆಯ ನಗು ಸ್ವಲ್ಪ ಇತ್ತು. “ಅಜ್ಜಂದೊಂದು, ಮೊಮ್ಮಗಳದೊಂದು. ಜೋಡಿ ಇರ್ಲಿ.”

ಟೀಚರ್ ನಕ್ಕುಬಿಟ್ಟರು. ಗೌಂಡಿಗಳಿಬ್ಬರೂ ನಕ್ಕರು. ಅಚ್ಚನ್ ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿದರು.

ಕಲ್ಲನ್ನು ಎರಡು ಮೊಳ ಎಡಕ್ಕೆ ಕೂಡಿಸಿದರು. ದಾದಾ ಚೀಲದಿಂದ ಹಿತ್ತಾಳೆ ಗುಂಡು ತೆಗೆದು, ದಾರ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಗುಂಡು ನಿಲ್ಲಲು ಹೊತ್ತು ಹಿಡಿಯಿತು. ಅದು ನಿಲ್ಲುವವರೆಗೆ ಎಲ್ಲರೂ ಕಾದರು. ಬಲಗಡೆಗೆ ಒಂದು ನೂಲು ಸರಿಸಲು ಹೇಳಿದರು. ಸರಿಸಿದರು. “ಆತು” ಎಂದರು. ತಮಗೆ ಓದಲು ಬಾರದ ಅಕ್ಷರಗಳ ಮೇಲಿನ ಸಿಮೆಂಟಿನ ಹನಿಗಳನ್ನು ತಮ್ಮ ಬಿಳಿ ಅಂಗಿಯ ತೋಳಿನಿಂದಲೇ ಒರೆಸಿದರು.

ಗೋಡೆ ಒಡೆಯಲು ಅವರಿಗೆ ಹನ್ನೆರಡು ದಿನ ಹಿಡಿದಿತ್ತು. ಕಲ್ಲು ಇನ್ನೂ ಹಸಿ ಸಿಮೆಂಟಿನ ಮೇಲಿದ್ದಾಗ, ಇಳಿಸಿ ಎಂದು ಹೇಳಲು ನನಗೆ ಬೇಕಿದ್ದದ್ದು ಒಂದು ಮಾತು. ಸಿಮೆಂಟು ಒಣಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಈಗ ಹೊರಗಿನವರು ಬಂದರೆ ಟೀಚರ್ ಮೊದಲು ರಸ್ತೆಯ ಕಡೆ ಕರೆದುಕೊಂಡು ಹೋಗುತ್ತಾರೆ. “ಈ ಬಾಗಲಾ ಗೌಂಡಿ ಮೌಲಾಸಾಬಂದು. ಈ ಕಲ್ಲು ಅವನ ಮೊಮ್ಮಗಳದು, ಕಾಲೇಜಿನ್ಯಾಗ ಇತಿಹಾಸ ಕಲಸ್ತಾಳ” ಎಂದು ಎರಡನ್ನೂ ತೋರಿಸುತ್ತಾರೆ. ಕಲ್ಲಿನ ಮೇಲೆ ನನ್ನ ಹೆಸರಿಲ್ಲ. ಇಲ್ಲದಿದ್ದರೂ ಅದು ಯಾರದೆಂದು ಕ್ಯಾಂಪಿಗೆಲ್ಲ ಗೊತ್ತು.

ಬೇಸಿಗೆಯಲ್ಲಿ ಬಿರುಕು ಮೂಡಿದೆ ಎಂದು ಸುದ್ದಿ ಬಂದಾಗ ದಾದಾನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಅವರನ್ನು ರಸ್ತೆಯಲ್ಲಿ ಇಳಿಸುತ್ತೇನೆ. ಈಗ ಅವರು ಬಿರುಕು ಮುಚ್ಚುವುದಿಲ್ಲ, ಸುಮ್ಮನೆ ಮುಟ್ಟಿ ನೋಡಿ ಬರುತ್ತಾರೆ. ನಾನು ಆ ಕಲ್ಲಿನ ಕಡೆ ತಿರುಗದೆ ಸ್ಕೂಟಿಯನ್ನು ಮುಂದಿನ ಸೇತುವೆಯವರೆಗೆ ಓಡಿಸಿ, ಕಾಲುವೆಯ ದಂಡೆಗುಂಟ ನಡೆದು, ಕಮಾನಿನ ಕಡೆಯಿಂದ ಒಳಗೆ ಹೋಗುತ್ತೇನೆ. ಜಿಲ್ಲೆಯ ಎಲ್ಲ ಕಟ್ಟಡಗಳ ಬೆನ್ನು ನೋಡಿಬರುವ ನಾನು ಆ ಒಂದರ ಬೆನ್ನು ಮಾತ್ರ ನೋಡುವುದಿಲ್ಲ.